ಮೂರು ಸೀಟಿ

ಉಣ್ಣುವುದು ಬಲಗೈಯಲ್ಲಿ, ಬರೆಯುವುದು ಬಲಗೈಯಲ್ಲಿ, ಮುದ್ದೆ ಕಟ್ಟುವಾಗ ಮುಂದಾಗುವುದೂ ಬಲಗೈಯೇ. ಬಿಲ್ಲು ಹಿಡಿದಾಗ ಮಾತ್ರ ನಾನು ಎಡಚಿ. ಇದು ಗೊತ್ತಾದದ್ದು ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ಹಾಸನದ ಸಾಲಗಾಮೆ ರಸ್ತೆಯ ಕಡೆಯ ಒಂದು ಖಾಲಿ ಜಾಗದಲ್ಲಿ, ಒಂದು ಭಾನುವಾರ ಬೆಳಿಗ್ಗೆ. ಎರಡೂ ಕೈಗಳನ್ನು ಮುಂದೆ ಚಾಚಿ, ಅಂಗೈಗಳ ನಡುವೆ ಸಣ್ಣದೊಂದು ಕಿಂಡಿ ಮಾಡಿ, ಅದರೊಳಗಿಂದ ದೂರದ ನೀರಿನ ಟ್ಯಾಂಕನ್ನು ನೋಡು ಎಂದರು ಮೇಷ್ಟ್ರು. ನೋಡಿದೆ. "ಈಗ ಎಡಗಣ್ಣು ಮುಚ್ಚಮ್ಮ" ಎಂದರು. ಮುಚ್ಚಿದೆ, ಟ್ಯಾಂಕು ಮಾಯವಾಯಿತು. ಬಲಗಣ್ಣು ಮುಚ್ಚಿದಾಗ ಟ್ಯಾಂಕು ಇದ್ದಲ್ಲೇ ಇತ್ತು. ನೋಡುವಾಗ ನನ್ನಲ್ಲಿ ಮುಂದಾಳು ಎಡಗಣ್ಣು. ಹೊಸದಾಗಿ ಕಲಿಯುವವರು ಕಣ್ಣಿನ ಮಾತಿಗೆ ಕೈಯನ್ನು ಒಗ್ಗಿಸಿಕೊಳ್ಳುವುದೇ ಒಳ್ಳೆಯದು ಎಂದು ಅವರು ಎಡಗೈಯವರ ಬಿಲ್ಲನ್ನು ತಂದುಕೊಟ್ಟರು.

ಇದನ್ನು ಮೊದಲಿಗೇ ಹೇಳುವುದಕ್ಕೆ ಕಾರಣವಿದೆ. ಬಾಣ ಬಿಡುವ ಗೆರೆಯ ಮೇಲೆ ಬಲಗೈಯವರೆಲ್ಲ ಎಡಭುಜವನ್ನು ಗುರಿಯ ಕಡೆಗೆ ಮಾಡಿ ನಿಲ್ಲುತ್ತಾರೆ. ಎಲ್ಲರ ಮುಖವೂ ಒಂದೇ ದಿಕ್ಕಿಗೆ, ಒಬ್ಬರ ಬೆನ್ನು ಇನ್ನೊಬ್ಬರ ಕಣ್ಣಿಗೆ. ಎಡಗೈಯವರು ಮಾತ್ರ ತಿರುಗಿ ನಿಲ್ಲುತ್ತಾರೆ. ಹಾಗಾಗಿ ನಾನೂ ನನ್ನ ಪಕ್ಕದ ಜಾಗದಲ್ಲಿದ್ದ ನನ್ನ ತಮ್ಮನೂ ಎದುರುಬದುರಾದೆವು. ಅವನು ಗಾಲಿಕುರ್ಚಿಯಲ್ಲಿ ಕುಳಿತಿದ್ದ, ನಾನು ನಿಂತಿದ್ದೆ.

ನಮ್ಮದು ಸಕಲೇಶಪುರದ ಕಡೆಯ ಊರು. 2019ರ ಫೆಬ್ರವರಿಯಲ್ಲಿ ಮೆಣಸು ಕುಯ್ಯಲು ಸಿಲ್ವರ್ ಓಕ್ ಮರಕ್ಕೆ ಏಣಿ ಹಾಕಿ ಹತ್ತಿದ್ದವನು ಮೇಲಿನಿಂದ ಬಿದ್ದ. ಆ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದಿಂದ ಕೆಳಗೆ ಸ್ವಾಧೀನ ಹೋಯಿತು. ತೋಟದ ಮನೆಯ ಮೆಟ್ಟಿಲು, ಏರು, ಮಳೆಗಾಲದ ಕೆಸರು ಇವುಗಳ ನಡುವೆ ಗಾಲಿಕುರ್ಚಿ ಓಡುವುದಿಲ್ಲ. ಹಾಸನಕ್ಕೆ ನನ್ನ ಮನೆಗೆ ಬಂದ. ಐದು ವರ್ಷ ಅವನ ಔಷಧ, ಊಟ, ಹಾಸಿಗೆ, ಆಸ್ಪತ್ರೆಯ ಚೀಟಿ ಎಲ್ಲವನ್ನೂ ನೋಡಿಕೊಂಡೆ. ಅವನನ್ನು ನೋಡಿದೆನೇ ಎಂದು ಯಾರಾದರೂ ಕೇಳಿದ್ದರೆ ಉತ್ತರ ತಡವಾಗುತ್ತಿತ್ತು. ಕುರ್ಚಿ ತಳ್ಳುವವರು ಯಾವಾಗಲೂ ಕುರ್ಚಿಯ ಹಿಂದೆ ಇರುತ್ತಾರೆ. ನನಗೆ ಚೆನ್ನಾಗಿ ಪರಿಚಯವಾಗಿದ್ದದ್ದು ಅವನ ನೆತ್ತಿ. ನೆತ್ತಿಯಲ್ಲಿ ಕೂದಲು ನರೆಯುತ್ತಾ ಬಂದದ್ದನ್ನು ತಿಂಗಳು ತಿಂಗಳಿಗೂ ಹೇಳಬಲ್ಲೆ.

ಬಿಲ್ಲಿನ ಗೀಳು ಹತ್ತಿದ್ದು ಅವನಿಗೆ, ನನಗಲ್ಲ. 2024ರಲ್ಲಿ ಪ್ಯಾರಿಸ್ ಪ್ಯಾರಾಲಿಂಪಿಕ್ಸ್ ನಡೆಯುತ್ತಿದ್ದಾಗ ಜಮ್ಮು ಮತ್ತು ಕಾಶ್ಮೀರದ ಕಿಶ್ತವಾಡದ ಹುಡುಗಿ ಶೀತಲ್ ದೇವಿಯ ಆಟವನ್ನು ಮೊಬೈಲಿನಲ್ಲಿ ಮತ್ತೆ ಮತ್ತೆ ನೋಡುತ್ತಿದ್ದ. ಅವಳಿಗೆ ಹುಟ್ಟಿನಿಂದಲೇ ಎರಡೂ ತೋಳುಗಳಿಲ್ಲ. ಕಾಲಿನಿಂದ ಬಿಲ್ಲು ಹಿಡಿದು, ಭುಜದಿಂದ ಹೆದೆ ಎಳೆದು ಬಾಣ ಬಿಡುತ್ತಾಳೆ. ಆ ಸಲ ರಾಕೇಶ್ ಕುಮಾರ್ ಜೊತೆ ಮಿಶ್ರ ತಂಡದ ಕಂಚು ಗೆದ್ದಳು. ನೋಡಿದವರೆಲ್ಲ ಕಣ್ಣೊರೆಸಿಕೊಂಡರು, ನಾನೂ ಒರೆಸಿಕೊಂಡೆ. ನನ್ನ ತಮ್ಮ ಅಳಲಿಲ್ಲ. "ಅಕ್ಕ, ಅವಳು ಹೆದೆ ಬಿಡುವ ಹೊತ್ತಿಗೆ ದವಡೆ ನೋಡು" ಎಂದ. ತೋಟದಲ್ಲಿ ಪಂಪ್‌ಸೆಟ್ ಬಿಚ್ಚಿ ಜೋಡಿಸುತ್ತಿದ್ದವನು ಅವನು. ಅವನಿಗೆ ಬೇಕಾಗಿದ್ದದ್ದು ಕೆಲಸ ಹೇಗೆ ನಡೆಯುತ್ತದೆ ಎಂಬುದು. ಅಂಗವಿಕಲರ ಆಟವನ್ನು ಬರೀ ಸ್ಫೂರ್ತಿಯ ಸರಕನ್ನಾಗಿ ಮಾಡುವ ವಿಡಿಯೊಗಳ ಬಗ್ಗೆ ನನಗೆ ಅಂದಿನಿಂದ ಬೇಸರವಿದೆ. ಆ ಹುಡುಗಿ ಕಷ್ಟಪಟ್ಟು ಕಲಿತದ್ದು ಒಂದು ವಿದ್ಯೆ. ಅದನ್ನು ವಿದ್ಯೆಯೆಂದೇ ನೋಡುವುದು ಅವಳಿಗೆ ಕೊಡಬೇಕಾದ ಮೊದಲ ಮರ್ಯಾದೆ.

ವಿಚಾರಿಸಿದಾಗ ನಿವೃತ್ತ ದೈಹಿಕ ಶಿಕ್ಷಕರೊಬ್ಬರು ಭಾನುವಾರಗಳಲ್ಲಿ ಕೆಲವರಿಗೆ ಕಲಿಸುತ್ತಾರೆಂದು ತಿಳಿಯಿತು. ಅದಕ್ಕೆ ಮೊದಲು ಬೇರೊಂದು ಮೈದಾನಕ್ಕೆ ಹೋಗಿದ್ದೆವು. ಅಲ್ಲಿಯ ಗೇಟಿನಲ್ಲಿ ಒಂದೇ ಒಂದು ಮೆಟ್ಟಿಲು, ಅದರಾಚೆ ಕಬ್ಬಿಣದ ಅಡ್ಡಪಟ್ಟಿ. "ಇವರನ್ನು ಯಾರಾದರೂ ಎತ್ತಿಕೊಂಡು ಬರಲಿ" ಎಂದರು ಒಬ್ಬರು, ಒಳ್ಳೆಯ ಮನಸ್ಸಿನಿಂದಲೇ. ತಮ್ಮ ಕುರ್ಚಿಯನ್ನು ತಿರುಗಿಸಿದ. ಮನೆಗೆ ಬರುವವರೆಗೂ ಮಾತಾಡಲಿಲ್ಲ.

ಮೇಷ್ಟ್ರಿದ್ದ ಜಾಗದಲ್ಲೂ ಮೆಟ್ಟಿಲಿತ್ತು. ಅವರು ಎತ್ತಿಸುವ ಮಾತಾಡಲಿಲ್ಲ, ಜೇಬಿನಿಂದ ಟೇಪು ತೆಗೆದು ಅಳೆದರು. ಆರು ಇಂಚು. "ಒಂದಕ್ಕೆ ಹನ್ನೆರಡು, ಅಂದರೆ ಆರಡಿ ಇಳಿಜಾರು ಬೇಕು" ಎಂದರು. ಮುಂದಿನ ಭಾನುವಾರದ ಹೊತ್ತಿಗೆ ಗಾರೆ ಹಾಕಿ, ಜಾರದ ಹಾಗೆ ಪೊರಕೆಯಿಂದ ಗೆರೆ ಎಳೆಸಿದ್ದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 30ನೆಯ ಕಲಮು ಕ್ರೀಡೆಯ ಬಗ್ಗೆಯೇ ಇದೆ. ಆಟದ ಸೌಕರ್ಯಗಳನ್ನು ಎಲ್ಲರಿಗೂ ಒದಗುವಂತೆ ರೂಪಿಸಬೇಕೆಂದು ಅದು ಸರ್ಕಾರಕ್ಕೆ ಹೇಳುತ್ತದೆ. ನಮ್ಮ ಪಾಲಿಗೆ ಆ ಕಲಮು ಬಂದದ್ದು ಆರಡಿ ಗಾರೆಯ ರೂಪದಲ್ಲಿ. ಅವತ್ತು ತಮ್ಮ ತಾನೇ ಕುರ್ಚಿ ಉರುಳಿಸಿಕೊಂಡು ಒಳಗೆ ಹೋದ. ನಾನು ಕೈ ಬೀಸಿಕೊಂಡು ಹಿಂದೆ ಹೋದೆ.

ಆ ದಿನದ ಮಟ್ಟಿಗೆ ನಾನು ಬರೀ ಜೊತೆಗೆ ಬಂದವಳು. ನೆರಳಿನಲ್ಲಿ ಕುಳಿತು ಫೋನು ನೋಡುವ ಅಂದಾಜಿನಲ್ಲಿದ್ದೆ. ಮೇಷ್ಟ್ರು ಬಿಡಲಿಲ್ಲ. "ಇಲ್ಲಿ ನೋಡುವವರಿಗೆ ಜಾಗ ಇಲ್ಲಮ್ಮ, ಗೆರೆಯ ಮೇಲೆ ಮಾತ್ರ ಜಾಗ" ಎಂದರು.

ಮೊದಲ ಪಾಠಕ್ಕೂ ಗುರಿಗೂ ಸಂಬಂಧವಿರಲಿಲ್ಲ. ಜುಮುಕಿ ಬಿಚ್ಚಿಸಿದರು, ತಾಳಿಯ ಸರವನ್ನು ಒಳಗೆ ಸೇರಿಸಲು ಹೇಳಿದರು, ದುಪಟ್ಟಾ ತೆಗೆಸಿ ಜಡೆಯನ್ನು ಕಟ್ಟಿಸಿದರು. ಹೆದೆ ಮುಖಕ್ಕೆ ಎಷ್ಟು ಹತ್ತಿರ ಬರುತ್ತದೆಂದು ಗೊತ್ತಿಲ್ಲದವರಿಗೆ ಇದು ಅತಿಯೆನಿಸಬಹುದು. ಪೂರ್ತಿ ಎಳೆದಾಗ ಅದು ಗದ್ದವನ್ನೂ ಮೂಗಿನ ತುದಿಯನ್ನೂ ಮುಟ್ಟಬೇಕು, ಪ್ರತಿ ಸಲವೂ ಅದೇ ಜಾಗದಲ್ಲಿ. ಬಾಣ ಹೂಡದೆ ಹೆದೆ ಎಳೆದು ಬಿಡಲೇಬಾರದು ಎಂಬುದು ಎರಡನೆಯ ಪಾಠ. ಬಾಣಕ್ಕೆ ಹೋಗಬೇಕಾದ ಬಲವೆಲ್ಲ ಬಿಲ್ಲಿಗೇ ಹೊಡೆದು ಬಿಲ್ಲು ಸೀಳಬಹುದು. ಮುಂಗೈಗೆ ಚರ್ಮದ ಪಟ್ಟಿ, ಹೆದೆ ಎಳೆಯುವ ಬೆರಳುಗಳ ರಕ್ಷಣೆಗೆ ಟ್ಯಾಬ್ ಎಂಬ ತುಂಡು. ನಾನು ಒಂದು ದಿನ ಪಟ್ಟಿಯನ್ನು ಸಡಿಲವಾಗಿ ಕಟ್ಟಿಕೊಂಡಿದ್ದೆ. ಹೆದೆ ಬಡಿದು ಮೊಣಕೈಯ ಒಳಬದಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು. ಕಚೇರಿಯಲ್ಲಿ ಗೆಳತಿಯರು ಮನೆಯಲ್ಲಿ ಎಲ್ಲ ಸರಿಯಿದೆಯೇ ಎಂದು ದನಿ ತಗ್ಗಿಸಿ ಕೇಳಿದರು. ಕೇಳಿದ್ದಕ್ಕೆ ಅವರ ಮೇಲೆ ಪ್ರೀತಿ ಹೆಚ್ಚಾಯಿತು.

ಕಲಿಯಬೇಕೆಂದು ಕೇಳುವವರಿಗೆಲ್ಲ ನಾನು ಮೊದಲು ಹೇಳುವುದು, ಬಿಲ್ಲು ಕೊಳ್ಳಲು ಓಡಬೇಡಿ ಎಂದು. ಮೂರ್ನಾಲ್ಕು ತಿಂಗಳು ಗುಂಪಿನ ಬಿಲ್ಲಿನಲ್ಲೇ ಕಲಿಯಿರಿ. ಬಿಲ್ಲಿನ ಎಳೆತವನ್ನು ಪೌಂಡಿನಲ್ಲಿ ಹೇಳುತ್ತಾರೆ. ನಾನು ಹಿಡಿದದ್ದು ಹದಿನಾರು ಪೌಂಡಿನದು, ತಮ್ಮನಿಗೂ ಮೊದಲಿಗೆ ಅದೇ. ಜಿಮ್ಮಿಗೆ ಹೋಗುವ ಹುಡುಗನೊಬ್ಬ ಬಂದವನೇ ನಲವತ್ತು ಪೌಂಡಿನ ಬಿಲ್ಲು ಕೇಳಿದ. ಎಳೆದ, ಎಳೆದು ಹಿಡಿದಾಗ ಭುಜ ನಡುಗಿತು, ಬಾಣ ಗುರಿಯ ಮೇಲಿನಿಂದ ಹಾರಿ ಹಿಂದಿನ ಮಣ್ಣಿನ ದಿಬ್ಬಕ್ಕೆ ಹೋಯಿತು. ಆ ಹುಡುಗ ಈಗ ಇಪ್ಪತ್ತಕ್ಕೆ ಇಳಿದಿದ್ದಾನೆ, ಬಹಳ ಚೆನ್ನಾಗಿ ಹೊಡೆಯುತ್ತಾನೆ. ಎಳೆಯುವ ಕೆಲಸ ತೋಳಿನದಲ್ಲ, ಬೆನ್ನಿನದು. ಎರಡು ರೆಕ್ಕೆಮೂಳೆಗಳು ಒಂದನ್ನೊಂದು ಸಮೀಪಿಸುವ ಹಾಗೆ ಎಳೆಯಬೇಕು. ಕುರ್ಚಿಯ ಚಕ್ರವನ್ನು ವರ್ಷಗಟ್ಟಲೆ ತಿರುಗಿಸಿದ ತಮ್ಮನ ಬೆನ್ನಿಗೆ ಇದು ನಮಗಿಂತ ಬೇಗ ಅರ್ಥವಾಯಿತು.

ಅವನಿಗೆ ಎದುರಾದ ತೊಡಕು ಬೇರೆಯದು. ಬಿಲ್ಲಿನ ಕೆಳತೋಳು ಕುರ್ಚಿಯ ಚಕ್ರಕ್ಕೆ ಬಡಿಯುತ್ತಿತ್ತು. ಕುರ್ಚಿಯನ್ನು ಸ್ವಲ್ಪ ಓರೆ ಮಾಡಿದರು, ಕೈಯೊರಗನ್ನು ಬಿಚ್ಚಿಟ್ಟರು, ಬ್ರೇಕು ಬಿಗಿದರು. ಬಿಲ್ಲನ್ನು ಚಾಚಿದಾಗ ಮೈ ಮುಂದಕ್ಕೆ ವಾಲದಂತೆ ಎದೆಯ ಸುತ್ತ ಒಂದು ಅಗಲದ ಬೆಲ್ಟು. ಇದೆಲ್ಲ ಹೊಂದಲು ಮೂರು ಭಾನುವಾರ ಹಿಡಿಯಿತು. ಆ ಮೂರೂ ವಾರ ಉಳಿದವರ ಅಭ್ಯಾಸ ನಿಧಾನವಾಯಿತು, ಯಾರೂ ಗೊಣಗಲಿಲ್ಲ. ಇನ್ನೊಂದು ವಿಷಯ, ಇದನ್ನು ಬರೆಯಬಹುದೇ ಎಂದು ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ. ಸ್ಪರ್ಶವಿಲ್ಲದ ಕಡೆ ಬಹಳ ಹೊತ್ತು ಒತ್ತಿ ಕುಳಿತರೆ ಚರ್ಮದಲ್ಲಿ ಹುಣ್ಣಾಗುತ್ತದೆ, ಆದದ್ದು ಗೊತ್ತೂ ಆಗುವುದಿಲ್ಲ. ಅದಕ್ಕೇ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಎರಡೂ ಕೈ ಊರಿ ಮೈಯನ್ನು ಕುರ್ಚಿಯಿಂದ ಎತ್ತಬೇಕು. ಮನೆಯಲ್ಲಿ ಇದನ್ನು ನಾನು ದಿನವೂ ನೆನಪಿಸುತ್ತಿದ್ದೆ, ಅವನು ದಿನವೂ ಸಿಡುಕುತ್ತಿದ್ದ. ಮೈದಾನದಲ್ಲಿ ಮೇಷ್ಟ್ರು ಅದನ್ನೂ ಅಭ್ಯಾಸದೊಳಗೆ ಸೇರಿಸಿದರು. ಆರು ಬಾಣ ಮುಗಿದ ಮೇಲೆ ನಾವೆಲ್ಲ ಭುಜ ತಿರುಗಿಸುತ್ತೇವೆ, ಅವನು ಮೈ ಎತ್ತುತ್ತಾನೆ. ಈಗ ನಾನು ನೆನಪಿಸುವುದಿಲ್ಲ.

ಈಗ ಸೀಟಿಯ ವಿಷಯಕ್ಕೆ ಬರುತ್ತೇನೆ. ನನ್ನನ್ನು ಈ ಆಟದಲ್ಲಿ ಹಿಡಿದು ನಿಲ್ಲಿಸಿದ್ದು ಅದೇ. ಎರಡು ಸೀಟಿ ಹೊಡೆದರೆ ಗೆರೆಗೆ ಬರಬೇಕು. ಒಂದು ಹೊಡೆದರೆ ಬಾಣ ಬಿಡಬಹುದು. ಮೂರು ಹೊಡೆದರೆ ಬಿಲ್ಲು ಕೆಳಗಿಟ್ಟು ಬಾಣ ತರಲು ಹೋಗಬಹುದು. ಒಂದೇ ಸಮನೆ ಐದಾರು ಸೀಟಿ ಕೇಳಿಸಿದರೆ ಅಪಾಯ, ಎಳೆದದ್ದನ್ನೂ ಇಳಿಸಿ ನಿಲ್ಲಬೇಕು. ದೊಡ್ಡ ಸ್ಪರ್ಧೆಗಳ ಸಂಕೇತವೂ ಇದೇ. ಒಬ್ಬರೇ ಒಬ್ಬರ ಬಾಣ ಬಾಕಿಯಿದ್ದರೂ ಗೆರೆಯಾಚೆ ಯಾರೂ ಕಾಲಿಡುವಂತಿಲ್ಲ. ಸ್ಪರ್ಧೆಯಲ್ಲಿ ಗಡಿಯಾರವಿರುತ್ತದೆ, ನಮ್ಮಲ್ಲಿ ಅದನ್ನು ಇಟ್ಟಿಲ್ಲ. ಮಂಡಿನೋವಿಗೆ ಸ್ಟೂಲಿನ ಮೇಲೆ ಕುಳಿತು ಹೊಡೆಯುವ ನಿವೃತ್ತ ನರ್ಸ್ ಒಬ್ಬರಿದ್ದಾರೆ, ಬಹಳ ನಿಧಾನ. ಕಣ್ಣು ಅಷ್ಟಾಗಿ ಕಾಣದ ಕಾಲೇಜು ಹುಡುಗಿಯೊಬ್ಬಳಿದ್ದಾಳೆ. ಅವಳಿಗೆ ಹಳೆಯ ಕ್ಯಾಮೆರಾ ಸ್ಟ್ಯಾಂಡಿಗೆ ಒಂದು ಗುಂಡಿ ಜೋಡಿಸಿಕೊಟ್ಟಿದ್ದಾರೆ, ಬಿಲ್ಲು ಹಿಡಿದ ಕೈಯ ಹಿಂಬದಿ ಆ ಗುಂಡಿಗೆ ತಾಗಿದರೆ ದಿಕ್ಕು ಸರಿಯಿದೆ ಎಂದರ್ಥ. ಪಾದ ಇಡುವ ಜಾಗಕ್ಕೆ ನೆಲದ ಮೇಲೊಂದು ಮರದ ಪಟ್ಟಿ. ಅಂತಾರಾಷ್ಟ್ರೀಯ ಸ್ಪರ್ಧೆಗಳಲ್ಲಿ ದೃಷ್ಟಿ ಇಲ್ಲದವರು ಹೀಗೆ ಮುಟ್ಟಿ ಗುರಿ ಹಿಡಿದು 30 ಮೀಟರ್ ದೂರಕ್ಕೆ ಹೊಡೆಯುತ್ತಾರೆ. ಅವಳದು ಈಗ ಹತ್ತು ಮೀಟರ್.

ಇವರೆಲ್ಲರಿಗಾಗಿ ಎಲ್ಲರೂ ಕಾಯುತ್ತಾರೆ. ಅವರು ಪಾಪ ಎಂದಲ್ಲ, ನಿಯಮ ಹಾಗಿದೆ. ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ಮದುವೆಯ ಊಟದ ಪಂಕ್ತಿಯಲ್ಲಿ ತಮ್ಮನಿಗಾಗಿ ಜನ ಕಾದದ್ದನ್ನು ನೋಡಿದ್ದೇನೆ. ಅಲ್ಲಿ ಕಾಯುವವರ ಮುಖದಲ್ಲಿ ಕನಿಕರವೋ ಅವಸರವೋ ಇರುತ್ತಿತ್ತು, ಅವನ ಮುಖದಲ್ಲಿ ಕ್ಷಮೆ ಕೇಳುವ ಭಾವ. ಗೆರೆಯ ಮೇಲೆ ಅವನು ಯಾರ ಕ್ಷಮೆಯನ್ನೂ ಕೇಳಬೇಕಾಗಿಲ್ಲ. ಎಷ್ಟೋ ಸಲ ಕೊನೆಯವಳು ನಾನೇ ಆಗಿರುತ್ತೇನೆ.

ಒಂದು ದಿನ ಅರಕಲಗೂಡು ಕಡೆಯ ರೈತರೊಬ್ಬರು ಮಗಳನ್ನು ಸೇರಿಸಲು ಬಂದರು. ಮಗಳು ಬಿಲ್ಲು ಹಿಡಿದಳು, ಅವರು ಬೇಲಿಯಾಚೆಯೇ ನಿಂತರು. ಮೇಷ್ಟ್ರು ಕರೆದರು. ಅವರು ಬಲಗೈ ಎತ್ತಿ ತೋರಿಸಿದರು, ಹೆಬ್ಬೆರಳಿರಲಿಲ್ಲ. ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಹೋಗಿತ್ತು. "ನಾನು ಏಕಲವ್ಯನ ಜಾತಿಗೆ ಸೇರಿದವನು ಮೇಷ್ಟ್ರೇ, ನನ್ನನ್ನು ಬಿಟ್ಟುಬಿಡಿ" ಎಂದರು. ಮೇಷ್ಟ್ರು ಮಾತಾಡದೆ ಅವರ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡರು. ತೋರುಬೆರಳು, ನಡುಬೆರಳು, ಉಂಗುರ ಬೆರಳು, ಈ ಮೂರಕ್ಕೆ ಟ್ಯಾಬ್ ತೊಡಿಸಿದರು. ಹೆದೆಯನ್ನು ಮೊದಲ ಗೆಣ್ಣಿನಲ್ಲಿ ಕೊಕ್ಕೆಯ ಹಾಗೆ ಹಿಡಿಸಿದರು. ಬಾಣದ ಮೇಲೆ ಒಂದು ಬೆರಳು, ಕೆಳಗೆ ಎರಡು. ಆಮೇಲೆ ತಮ್ಮ ಕೈಯನ್ನು ತೋರಿಸಿದರು: ಹೆದೆ ಎಳೆದ ಅವರ ಕೈಯಲ್ಲಿ ಹೆಬ್ಬೆರಳು ಅಂಗೈಯೊಳಗೆ ಮಡಚಿ ಸುಮ್ಮನೆ ಮಲಗಿತ್ತು. ರೈತರು ಆ ಹೆಬ್ಬೆರಳನ್ನೇ ನೋಡುತ್ತಾ ನಿಂತರು. ಆಮೇಲೆ ಎಳೆದರು. ಆರು ಬಾಣಗಳಲ್ಲಿ ನಾಲ್ಕು ಹುಲ್ಲಿನ ಪೆಂಡಿಗೆ ನಾಟಿದವು. ಮಗಳು ಚಪ್ಪಾಳೆ ತಟ್ಟಿದಳು, ಅವರು ಅವಳಿಗೆ "ಸುಮ್ಮನಿರು" ಎಂದು ಗದರಿ, ಇನ್ನೊಂದು ಸುತ್ತಿಗೆ ಬಾಣ ಕೇಳಿದರು.

ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಹೆಬ್ಬೆರಳಿನಿಂದ ಹೆದೆ ಎಳೆಯುವ ಪದ್ಧತಿಯೂ ಲೋಕದಲ್ಲಿದೆ. ಮಂಗೋಲರದು, ತುರ್ಕರದು, ಕೊರಿಯ ಮತ್ತು ಜಪಾನಿನವರ ಸಾಂಪ್ರದಾಯಿಕ ಬಿಲ್ಲುಗಾರಿಕೆ ಎಲ್ಲ ಹಾಗೆಯೇ. ಮಹಾಭಾರತದ ಏಕಲವ್ಯ ಕೂಡ ಹೆಬ್ಬೆರಳು ಕೊಟ್ಟ ಮೇಲೆ ಉಳಿದ ಬೆರಳುಗಳಿಂದ ಬಾಣ ಬಿಟ್ಟ, ಮೊದಲಿನ ವೇಗ ಬರಲಿಲ್ಲವೆಂದು ಕಥೆ ಹೇಳುತ್ತದೆ. ಚಿಕ್ಕಂದಿನಿಂದ ಈ ಕಥೆಯನ್ನು ಕೇಳುವಾಗ ನನ್ನ ಮನಸ್ಸು ಬೆರಳು ಕೇಳಿದ ಗುರುವಿನ ಹತ್ತಿರ, ಬೆರಳು ಕೊಟ್ಟ ಶಿಷ್ಯನ ಹತ್ತಿರ ನಿಂತುಬಿಡುತ್ತಿತ್ತು. ಬೆರಳಿಲ್ಲದ ಆ ಕೈಯನ್ನು ಹಿಡಿದು, ಹಿಡಿತವನ್ನು ಬದಲಿಸಿಕೊಡುವ ಮೂರನೆಯವರೊಬ್ಬರು ಅಲ್ಲಿಗೆ ಬರಬಹುದಿತ್ತು ಎಂದು ಒಮ್ಮೆಯೂ ಹೊಳೆದಿರಲಿಲ್ಲ.

ಈ ಆಟ ಅಂಗವಿಕಲರ ಕ್ರೀಡೆಯ ಹುಟ್ಟಿನ ಜೊತೆಗೇ ಇದೆ ಎಂದು ಆಮೇಲೆ ಓದಿ ತಿಳಿದೆ. 1948ರ ಜುಲೈ 29ರಂದು ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಾದ ದಿನವೇ, ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ವೈದ್ಯ ಲುಡ್ವಿಗ್ ಗುಟ್‌ಮನ್ ಹದಿನಾರು ಮಂದಿ ಗಾಯಾಳುಗಳಿಗೆ ಬಿಲ್ಲುಗಾರಿಕೆಯ ಸ್ಪರ್ಧೆ ನಡೆಸಿದರು. ಯುದ್ಧದಲ್ಲಿ ಗಾಯಗೊಂಡಿದ್ದ ಗಂಡಸರೂ ಹೆಂಗಸರೂ ಗಾಲಿಕುರ್ಚಿಯಿಂದ ಬಾಣ ಬಿಟ್ಟರು. 1960ರ ರೋಮ್ ಪ್ಯಾರಾಲಿಂಪಿಕ್ಸ್ ಬೆಳೆದದ್ದು ಆ ಬೇರಿನಿಂದ. ನ್ಯೂಜಿಲೆಂಡಿನ ನೆರೋಲಿ ಫೇರ್‌ಹಾಲ್ ಗಾಲಿಕುರ್ಚಿಯಲ್ಲಿ ಕುಳಿತು 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲೇ ಹೊಡೆದರು. ಇರಾನಿನ ಜಹ್ರಾ ನೆಮತಿ 2016ರಲ್ಲಿ ರಿಯೊದ ಒಲಿಂಪಿಕ್ಸು, ಪ್ಯಾರಾಲಿಂಪಿಕ್ಸು ಎರಡರಲ್ಲೂ. ಪ್ಯಾರಿಸ್‌ನಲ್ಲಿ ಹರಿಯಾಣದ ಹರ್ವಿಂದರ್ ಸಿಂಗ್ ತುದಿಗಳು ಮುಂದಕ್ಕೆ ಬಾಗಿರುವ ರಿಕರ್ವ್ ಬಿಲ್ಲಿನಲ್ಲಿ ಚಿನ್ನ ಗೆದ್ದರು, ಪ್ಯಾರಾಲಿಂಪಿಕ್ಸ್ ಬಿಲ್ಲುಗಾರಿಕೆಯಲ್ಲಿ ಭಾರತಕ್ಕೆ ಅದು ಮೊದಲ ಚಿನ್ನ. ಅವರು ಹೊಡೆದದ್ದು 70 ಮೀಟರ್ ದೂರಕ್ಕೆ, ಒಲಿಂಪಿಕ್ಸಿನಲ್ಲಿ ಇರುವಷ್ಟೇ ದೂರ. ಗುರಿಯೂ ಅದೇ 122 ಸೆಂಟಿಮೀಟರ್, ನಡುವಿನ ಹತ್ತು ಅಂಕದ ವೃತ್ತವೂ ಅದೇ 12.2 ಸೆಂಟಿಮೀಟರ್. ಇದನ್ನು ಓದಿ ಹೇಳಿದಾಗ ತಮ್ಮ ಊಟದ ತಟ್ಟೆಯ ಮೇಲೆ ಬೆರಳಿನಿಂದ 12.2ನ್ನು ಅಂದಾಜು ಮಾಡಿದ. ಸಣ್ಣದೊಂದು ದೋಸೆಯಷ್ಟು.

ಗುರಿಯ ನಡುವಿಗೆ ಹೊಡೆಯುವುದು ಮೊದಲ ಕೆಲಸವಲ್ಲ ಎಂಬುದನ್ನು ಒಪ್ಪಿಕೊಳ್ಳಲು ನನಗೆ ತುಂಬ ದಿನ ಬೇಕಾಯಿತು. ಮೇಷ್ಟ್ರು ಕೇಳುವುದು ಗುಂಪನ್ನು. ಮೂರೂ ಬಾಣ ಎಲ್ಲಿಯಾದರೂ ಬೀಳಲಿ, ಒಂದೇ ಕಡೆ ಬೀಳಲಿ. ಎಡಕ್ಕೆ ಬಿದ್ದರೆ ಬಿಲ್ಲಿನ ಮೇಲಿನ ಸೈಟನ್ನು, ಅಂದರೆ ಗುರಿ ಹಿಡಿಯುವ ಸಾಧನವನ್ನು, ಎಡಕ್ಕೇ ಸರಿಸಬೇಕು, ಕೆಳಕ್ಕೆ ಬಿದ್ದರೆ ಕೆಳಕ್ಕೇ. ತಪ್ಪು ಹೋದ ದಿಕ್ಕಿಗೇ ಸೈಟು ಹೋಗಬೇಕೆಂಬುದು ಕೇಳಿದಾಗ ತಲೆಕೆಳಗು ಅನ್ನಿಸುತ್ತದೆ, ಒಮ್ಮೆ ಮಾಡಿ ನೋಡಿದರೆ ಸರಿಹೋಗುತ್ತದೆ.

ಗಾಳಿ ಬಂದಾಗ ಎಲ್ಲರೂ ಬಿಲ್ಲು ಇಳಿಸಿ ನಿಲ್ಲುತ್ತೇವೆ. ಜೂನ್ ಕೊನೆಯ ಹೊತ್ತಿಗೆ ಪಶ್ಚಿಮದಿಂದ ಸೋನೆ ಹೊತ್ತ ಗಾಳಿ ಬೀಸುತ್ತದೆ, ಕಾಗದದ ಗುರಿ ಪಟಪಟ ಎನ್ನುತ್ತದೆ. ಅಂಥ ಒಂದು ಬೆಳಿಗ್ಗೆ ನಾನು ಕಾಯುತ್ತಾ ತಲೆ ಎತ್ತಿದರೆ ಎದುರಿಗೆ ತಮ್ಮ, ಮೂರು ಮಾರು ದೂರದಲ್ಲಿ. ಅವನು ಗಾಳಿಯನ್ನು ಲೆಕ್ಕಿಸದೆ ಹೆದೆ ಎಳೆದಿದ್ದ. ಹುಬ್ಬುಗಳ ನಡುವೆ ಅಪ್ಪನ ಗೆರೆ. ಕೆಳತುಟಿಯ ಎಡಗಡೆ ಹುಡುಗನಾಗಿದ್ದಾಗ ಕೆರೆಯಂಚಿನ ಕಲ್ಲಿಗೆ ಬಿದ್ದು ಆಗಿದ್ದ ಕಲೆ. ಅದು ಅಲ್ಲಿದೆ ಎಂಬುದನ್ನೇ ನಾನು ಮರೆತಿದ್ದೆ. ಗದ್ದಕ್ಕೆ ಒತ್ತಿದ ಹೆದೆ ಚರ್ಮದಲ್ಲಿ ತೆಳುವಾದ ಬಿಳಿ ಗೀಟು ಮೂಡಿಸಿತ್ತು. ಕಣ್ಣು ಮಿಟುಕಲಿಲ್ಲ, ಉಸಿರು ಅರ್ಧಕ್ಕೆ ನಿಂತಿತ್ತು. ಆಸ್ಪತ್ರೆಯವನೂ ಅಲ್ಲ, ಮೆಣಸಿನ ಮರದಿಂದ ಬಿದ್ದವನೂ ಅಲ್ಲ, ಕೆಲಸದಲ್ಲಿ ಮುಳುಗಿದ ನಲವತ್ತು ವರ್ಷದ ಗಂಡಸು. ಬೆರಳು ಸಡಿಲವಾಯಿತು. ಬಾಣ ಎಲ್ಲಿ ಹೋಯಿತೆಂದು ನಾನು ನೋಡಲಿಲ್ಲ. "ಏನಕ್ಕ, ಹಾಗೆ ನೋಡುತ್ತಿದ್ದೀಯ?" ಎಂದ. "ಏನಿಲ್ಲ, ಮೊಣಕೈ ಸ್ವಲ್ಪ ಇಳಿದಿತ್ತು" ಎಂದೆ. "ಇಳಿದಿರಲಿಲ್ಲ" ಎಂದ. ನಿಜ, ಇಳಿದಿರಲಿಲ್ಲ.

ಬಾಣ ತರುವುದೊಂದು ಬಹಳ ದಿನ ಬಾಕಿಯಿತ್ತು. ಪ್ಯಾರಾ ಸ್ಪರ್ಧೆಗಳಲ್ಲಿ ಗಾಲಿಕುರ್ಚಿಯವರು ಗೆರೆಯ ಮೇಲೆಯೇ ಉಳಿಯಬಹುದು, ಅವರ ಪರವಾಗಿ ಬೇರೆಯವರು ಬಾಣ ಕಿತ್ತು ತರಬಹುದು. ಅದು ಒಳ್ಳೆಯ ನಿಯಮ. ಆದರೆ ತಮ್ಮನಿಗೆ ಅದು ಬೇಡವಾಗಿತ್ತು. ಗುರಿಯ ಮೇಲೆ ಬಾಣಗಳು ಹೇಗೆ ಕುಳಿತಿವೆ ಎಂಬುದನ್ನು ಹತ್ತಿರದಿಂದ ನೋಡಬೇಕು, ತಾನೇ ಕೀಳಬೇಕು. ಹುಲ್ಲಿನ ನೆಲದಲ್ಲಿ ಮುಂದಿನ ಚಿಕ್ಕ ಚಕ್ರಗಳು ಹೂತು ನಿಲ್ಲುತ್ತಿದ್ದವು. ಕೊನೆಗೆ ಉಪಾಯ ಹೊಳೆದದ್ದು ಆ ನಲವತ್ತು ಪೌಂಡಿನ ಹುಡುಗನಿಗೆ. ಅವನ ಮಾವ ಕಾಫಿ ಕ್ಯೂರಿಂಗ್ ಕೆಲಸದವರು. ಅಲ್ಲಿ ಸವೆದು ತೆಗೆದುಹಾಕಿದ್ದ ಉದ್ದನೆಯ ರಬ್ಬರ್ ಬೆಲ್ಟನ್ನು ಗೂಡ್ಸ್ ಆಟೋದಲ್ಲಿ ಸುರುಳಿ ಸುತ್ತಿ ತಂದ. ಗೆರೆಯಿಂದ ಗುರಿಯವರೆಗೆ ಹಾಸಿದೆವು, ಮೊಳೆ ಹೊಡೆದು ಬಿಗಿದೆವು. ಬಿಸಿಲಿಗೆ ಅದರಿಂದ ಈಗಲೂ ಕಾಫಿಯ ಸಿಪ್ಪೆಯ ವಾಸನೆ ಏಳುತ್ತದೆ.

ಕಳೆದ ಭಾನುವಾರ ಮೂರು ಸೀಟಿ ಬಿದ್ದಾಗ ಎಲ್ಲರೂ ಹೊರಟೆವು. ತಮ್ಮ ಬೆಲ್ಟಿನ ಮೇಲೆ ನನಗಿಂತ ಮುಂದೆ ಹೋಗಿ ಗುರಿಯ ಬಳಿ ನಿಂತ. ಒಂದು ಅಂಗೈಯನ್ನು ಗುರಿಗೆ ಊರಿ, ಇನ್ನೊಂದು ಕೈಯಿಂದ ಬಾಣವನ್ನು ಬುಡದ ಹತ್ತಿರ ಹಿಡಿದು, ಕೀಳುವ ಮೊದಲು ಹಿಂತಿರುಗಿ ಯಾರೂ ಹತ್ತಿರವಿಲ್ಲವೆಂದು ನೋಡಿಕೊಂಡು, ಒಂದೊಂದಾಗಿ ಆರನ್ನೂ ಕಿತ್ತ. ನನ್ನ ಬಾಣಗಳಲ್ಲಿ ನಾಲ್ಕು ಸಿಕ್ಕವು. ಇನ್ನೆರಡು ಗುರಿ ತಪ್ಪಿ ಹುಲ್ಲಿನೊಳಗೆ ನುಸುಳಿದ್ದವು. ಅಂಥ ಬಾಣ ನೆಲಕ್ಕೆ ಅಂಟಿ ಮಲಗುತ್ತದೆ, ನಿಂತವರ ಕಣ್ಣಿಗೆ ಬೀಳುವುದಿಲ್ಲ. ನಾನು ಬಗ್ಗಿ, ಕಾಲಿನಿಂದ ಹುಲ್ಲು ಸವರಿ ಹುಡುಕುತ್ತಿದ್ದೆ.

"ಅಲ್ಲಿಲ್ಲ ಅಕ್ಕ, ಇನ್ನೂ ಎಡಕ್ಕೆ ಬಾ" ಎಂದ. ಕುರ್ಚಿಯಿಂದ ಒಂದು ಬದಿಗೆ ವಾಲಿ, ಕೆನ್ನೆ ಮಂಡಿಗೆ ತಾಗುವಷ್ಟು ತಗ್ಗಿ, ಹುಲ್ಲಿನ ಮಟ್ಟಕ್ಕೆ ಕಣ್ಣು ತಂದು ನೋಡುತ್ತಿದ್ದ. "ಹಳದಿ ಗರಿ ಕಾಣಿಸುತ್ತಿದೆ. ನಿನ್ನ ಹೆಜ್ಜೆಯ ಪಕ್ಕದಲ್ಲೇ, ತುಳಿಯಬೇಡ."